ಬೆಂಗಳೂರಿನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಬದುಕು ಕಟ್ಟಿಕೊಳ್ಳಬಹುದೇ?

ಯೂನಿವರ್ಸಿಟಿ ತಂಡಕ್ಕೆ ಆಡಿ ಡಿಗ್ರಿ ಮುಗಿಸಿದ್ದೀರಿ, ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಕಟ್ಟು ಅನ್ನುತ್ತಿದ್ದಾರೆ, ನಿಮ್ಮ ಮನಸ್ಸು ಕೋಚಿಂಗ್ ಕಡೆಗಿದೆ. ಅಮೆರಿಕದ ಕಾಲೇಜು ಕೋಚ್‌ಗಳ ವಿಡಿಯೊ ನೋಡಿ ಆಸೆ ಹುಟ್ಟಿತು ಎಂದೂ ಬರೆದಿದ್ದೀರಿ. ನಾನು ಬೆಂಗಳೂರಿನ ಒಂದು ಮಹಿಳಾ ಕಾಲೇಜಿನ ತಂಡಕ್ಕೆ ಕೋಚ್. ಬದುಕು ಕಟ್ಟಿಕೊಳ್ಳಬಹುದು. ಆದರೆ ಆಟ ಗೊತ್ತಿದ್ದರೆ ಸಾಕು ಎಂದುಕೊಂಡು ಬರಬೇಡಿ, ಕಲಿಸುವುದರಲ್ಲಿ ಹುಚ್ಚು ಇದ್ದರೆ ಮಾತ್ರ ಬನ್ನಿ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಇಲ್ಲಿನ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಬೇರೆ, ಕೋಚ್ ಕೆಲಸ ಬೇರೆ. ನಿರ್ದೇಶಕರದ್ದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಹುದ್ದೆ. ಅದಕ್ಕೆ ದೈಹಿಕ ಶಿಕ್ಷಣದಲ್ಲಿ ಶೇ. 55 ಅಂಕದ ಸ್ನಾತಕೋತ್ತರ ಪದವಿ ಬೇಕು, ಸಾಮಾನ್ಯವಾಗಿ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಓಟದ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1,800 ಮೀಟರ್ ಮುಗಿಸಬೇಕು. ಆ ಹುದ್ದೆ ಸಿಕ್ಕರೆ ಕಬಡ್ಡಿಯಿಂದ ಚೆಸ್‌ವರೆಗೆ ಎಲ್ಲವೂ ನಿಮ್ಮ ತಲೆ ಮೇಲೆ. ಬ್ಯಾಸ್ಕೆಟ್‌ಬಾಲ್ ಕೋಚ್ ಅನ್ನು ಮಾತ್ರ ಹೆಚ್ಚಿನ ಕಾಲೇಜುಗಳು ಗುತ್ತಿಗೆ ಮೇಲೆ, ಬೆಳಿಗ್ಗೆ ಸಂಜೆಯ ಪ್ರಾಕ್ಟೀಸಿಗೆಂದು ಕರೆಸಿಕೊಳ್ಳುತ್ತವೆ. ಆ ಸಂಬಳವೊಂದನ್ನೇ ನಂಬಿ ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವುದು ಕಷ್ಟ. ಹಾಗಾಗಿ ನನ್ನಂಥ ಬಹಳಷ್ಟು ಜನ ಕಾಲೇಜಿನ ಜೊತೆಗೆ ಒಂದು ಶಾಲೆಯನ್ನೋ ಅಪಾರ್ಟ್‌ಮೆಂಟ್ ಮಕ್ಕಳ ಬ್ಯಾಚನ್ನೋ ಇಟ್ಟುಕೊಂಡಿರುತ್ತೇವೆ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಎಂಟು ವರ್ಷದ ಮಗುವಿಗೆ ಡ್ರಿಬಲ್ ಕಲಿಸಿದವರಿಗೆ ಕಾಲೇಜು ಹುಡುಗಿಯ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಸರ್ಟಿಫಿಕೇಟ್ ವಿಷಯ: ಪಟಿಯಾಲದ ಎನ್‌ಐಎಸ್‌ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೊಡುವ ಕೋಚಿಂಗ್ ಡಿಪ್ಲೊಮಾಗೆ ಈಗಲೂ ಎಲ್ಲ ಕಡೆ ಬೆಲೆ ಇದೆ. ಅಷ್ಟು ಕಾಲ ಬಿಡುವು ಇಲ್ಲದಿದ್ದರೆ ಆರು ವಾರದ ಸರ್ಟಿಫಿಕೇಟ್ ಕೋರ್ಸಿನಿಂದ ಶುರು ಮಾಡಿ. ಬೆಂಗಳೂರಿನ ಜ್ಞಾನಭಾರತಿಯಲ್ಲೇ ಸಾಯ್‌ನ (ಭಾರತೀಯ ಕ್ರೀಡಾ ಪ್ರಾಧಿಕಾರದ) ದಕ್ಷಿಣ ಕೇಂದ್ರವಿದೆ. ಯಾವ ವರ್ಷ ಯಾವ ಆಟಕ್ಕೆ ಎಲ್ಲಿ ಸೀಟು ಎಂಬ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಿ.

ಇನ್ನು ಕೆಲಸದ ತಿರುಳು. ಹೊಸ ಕೋಚ್‌ಗಳು ಬೋರ್ಡಿನ ಮೇಲೆ ಬಾಣ ಬರೆಯುವುದಕ್ಕೆ ಆತುರ ಪಡುತ್ತಾರೆ. ನಮ್ಮಲ್ಲಿ ಪಂದ್ಯ ಕೈತಪ್ಪುವುದು ಬಹುಪಾಲು ಪಾದದ ಕೆಲಸದಲ್ಲಿ. ವಿಂಗ್‌ನಲ್ಲಿ, ಅಂದರೆ ಕೋರ್ಟಿನ ಪಕ್ಕದಲ್ಲಿ, ಪಾಸ್ ಹಿಡಿದ ಹುಡುಗಿ, ಡ್ರಿಬಲ್‌ಗೆ ಚೆಂಡು ಕೈ ಬಿಡುವ ಮೊದಲೇ ಪಿವಟ್ ಕಾಲನ್ನು (ನೆಲಕ್ಕೆ ಊರಿರಬೇಕಾದ ಕಾಲನ್ನು) ಚೂರೇ ಚೂರು ಜರುಗಿಸಿಬಿಡುತ್ತಾಳೆ, ವಿಸಿಲ್ ಬೀಳುತ್ತದೆ. ಅವಳಿಗೆ "ಟ್ರಾವೆಲ್ ಮಾಡಬೇಡ" (ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡಬೇಡ) ಎಂದು ಕೂಗಿ ಪ್ರಯೋಜನವಿಲ್ಲ. ಚೆಂಡನ್ನು ತಾನೇ ಮುಂದಕ್ಕೆ ಎಸೆದುಕೊಂಡು, ಓಡಿ ಹಿಡಿದು, ಎರಡೂ ಪಾದ ಒಟ್ಟಿಗೆ ನೆಲಕ್ಕೆ ತಾಗುವಂತೆ ನಿಲ್ಲಿಸಬೇಕು. ಸೊಂಟ ತಗ್ಗಿರಬೇಕು, ಹಿಮ್ಮಡಿ ಹಗುರವಾಗಿರಬೇಕು. ಆಮೇಲೆ ಕಾಲು ಬದಲಿಸಿ ಅದೇ. ಕಣ್ಣು ಮುಚ್ಚಿದರೆ ಎರಡು ಪಾದದ ಸದ್ದು ಒಂದಾಗಿ ಕೇಳಬೇಕು. ನಾನು ಎಷ್ಟೋ ಸಲ ಬೆನ್ನು ತಿರುಗಿಸಿ ನಿಂತು ಸದ್ದಿನಿಂದಲೇ ತಿದ್ದುತ್ತೇನೆ. ನಿಯಮವನ್ನೂ ಓದುತ್ತಿರಿ. 2017ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಟ್ರಾವೆಲಿಂಗ್ ನಿಯಮ ಬದಲಿಸಿ, ಓಡುತ್ತಾ ಚೆಂಡು ಹಿಡಿಯುವಾಗ ನೆಲದಲ್ಲಿರುವ ಪಾದವನ್ನು ಲೆಕ್ಕದಿಂದ ಬಿಟ್ಟಿತು. ಅದನ್ನು ತಿಳಿಯದೆ ಹಳೆಯ ಲೆಕ್ಕದಲ್ಲೇ ಕಲಿಸುವವರು ಆಟಗಾರರ ಒಂದು ಹೆಜ್ಜೆಯನ್ನೇ ಕಿತ್ತುಕೊಂಡಂತೆ.

2019ರ ಸೆಪ್ಟೆಂಬರಿನಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ಕಂಠೀರವ ಒಳಾಂಗಣದಲ್ಲೇ ನಡೆಯಿತು. ಜಪಾನಿನ ವಾರ್ಮಪ್ ನೋಡಲಿಕ್ಕೆಂದೇ ನಮ್ಮ ಹುಡುಗಿಯರನ್ನು ಬೇಗ ಕರೆದುಕೊಂಡು ಹೋಗುತ್ತಿದ್ದೆ. ಎತ್ತರದಲ್ಲಿ ಚೀನಾದವರ ಮುಂದೆ ಕುಳ್ಳಗೆ ಕಾಣುತ್ತಿದ್ದ ತಂಡ ಫೈನಲ್‌ನಲ್ಲಿ ಅವರನ್ನೇ 71-68ರಿಂದ ಸೋಲಿಸಿ ಸತತ ನಾಲ್ಕನೇ ಸಲ ಕಪ್ ಎತ್ತಿತು, ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ನಮ್ಮ ಹುಡುಗಿಯರು "ನಾವು ಕುಳ್ಳು" ಎಂದು ಕೊರಗುವುದನ್ನು ಬಿಟ್ಟದ್ದು ಆ ವಾರ.

ಅಮೆರಿಕದ ಕಥೆಯೇ ಬೇರೆ. ಅಲ್ಲಿ ಕಾಲೇಜು ಆಟವೇ ದೊಡ್ಡ ಉದ್ಯಮ. ಆದರೂ ಅಲ್ಲಿನ ದೊಡ್ಡವರ ಆರಂಭದ ವರ್ಷಗಳನ್ನು ಓದಿ. ಯುಸಿಎಲ್‌ಎ ವಿಶ್ವವಿದ್ಯಾಲಯದ ಕೋಚ್ ಜಾನ್ ವುಡನ್ 1948ರಲ್ಲಿ ಕೆಲಸಕ್ಕೆ ಸೇರಿದರೂ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ. 1975ರೊಳಗೆ ಅದೂ ಸೇರಿ ಒಟ್ಟು ಹತ್ತು. ಸೀಸನ್ನಿನ ಮೊದಲ ದಿನ ಅವರು ಆಟಗಾರರಿಗೆ ಕಲಿಸುತ್ತಿದ್ದದ್ದು ಗುಳ್ಳೆ ಏಳದಂತೆ ಕಾಲುಚೀಲ ಹಾಕಿಕೊಳ್ಳುವುದನ್ನು. ಟೆನೆಸ್ಸಿ ವಿಶ್ವವಿದ್ಯಾಲಯದ ಪ್ಯಾಟ್ ಸಮಿಟ್ 1974ರಲ್ಲಿ 22ನೇ ವಯಸ್ಸಿಗೆ ಮಹಿಳಾ ತಂಡದ ಮುಖ್ಯ ಕೋಚ್ ಆದರು, ತಂಡದ ಜೆರ್ಸಿ ಒಗೆದವರೂ ಅವರೇ, ವ್ಯಾನ್ ಓಡಿಸಿದವರೂ ಅವರೇ. ನಿವೃತ್ತಿಯ ಹೊತ್ತಿಗೆ 1,098 ಗೆಲುವು. ನೀವೂ ಜೆರ್ಸಿ ಎಣಿಸುತ್ತೀರಿ, ರೈಲು ಟಿಕೆಟ್ ಮಾಡಿಸುತ್ತೀರಿ, ಮಳೆ ನಿಂತ ಮೇಲೆ ಸಿಮೆಂಟ್ ಕೋರ್ಟಿನ ನೀರು ಗುಡಿಸುತ್ತೀರಿ.

ಇಲ್ಲಿ ಅದರ ಮೇಲೆ ಅಟೆಂಡೆನ್ಸ್ ಕಾಟ. ದಕ್ಷಿಣ ವಲಯ ಅಂತರ ವಿವಿ ಟೂರ್ನಿಯೂ ಇಂಟರ್ನಲ್ಸೂ ಒಂದೇ ವಾರ ಬಂದಾಗ ಒಬ್ಬೊಬ್ಬ ಲೆಕ್ಚರರ್ ಹತ್ತಿರವೂ ಹೋಗಿ ಆನ್ ಡ್ಯೂಟಿ (ಒ.ಡಿ.) ಪತ್ರಕ್ಕೆ ಸಹಿ ಹಾಕಿಸಬೇಕು. ತಂದೆತಾಯಿಗೆ ಫೋನ್ ಮಾಡಿ, "ಅಮ್ಮಾ, ಇಷ್ಟು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಿಟ್ಟುಬರುತ್ತೇನೆ" ಎಂದು ಹೇಳಿ ಆ ಗಂಟೆಗೆ ಸರಿಯಾಗಿ ಬಿಡಬೇಕು. ಹುಡುಗಿಯರ ತಂಡ ಮೂರು ವರ್ಷ ಒಡೆಯದೆ ಉಳಿಯುವುದು ಇಂಥ ಮಾತು ಉಳಿಸಿಕೊಂಡಾಗ. ಈ ಭಾಗ ಯಾವ ಕೋರ್ಸಿನಲ್ಲೂ ಇಲ್ಲ, ಆದರೆ ನನ್ನ ಕೆಲಸದ ಅರ್ಧ ಇದೇ.

ಬ್ಯಾಂಕ್ ಪರೀಕ್ಷೆಯನ್ನು ಕಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಈ ಊರಿನ ವಿಜಯಾ ಬ್ಯಾಂಕ್ ತಂಡ, ವಿಲೀನದ ನಂತರ ಬ್ಯಾಂಕ್ ಆಫ್ ಬರೋಡಾ ತಂಡ, ಎಷ್ಟೋ ಆಟಗಾರರಿಗೆ ಅನ್ನ ಕೊಟ್ಟಿವೆ. ಪರೀಕ್ಷೆಗೆ ಓದುತ್ತಲೇ ಹತ್ತಿರದ ಕ್ಲಬ್ಬಿನ ಮಕ್ಕಳ ಬ್ಯಾಚಿಗೆ ಸಹಾಯಕರಾಗಿ ಒಂದು ಸೀಸನ್ ನಿಲ್ಲಿ, ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯವರು ರೆಫರಿ ಪರೀಕ್ಷೆ ನಡೆಸಿದಾಗ ಅದನ್ನೂ ಬರೆಯಿರಿ. ಸೀಸನ್ ಮುಗಿದಾಗಲೂ ಬೆಳಿಗ್ಗೆ ಐದೂವರೆಗೆ ಏಳುವ ಮನಸ್ಸು ಉಳಿದಿದ್ದರೆ ಎನ್‌ಐಎಸ್‌ಗೆ ಅರ್ಜಿ ಹಾಕಿ. ಅರ್ಜಿ ತುಂಬುವಾಗ ಸಂದೇಹ ಬಂದರೆ ಇಲ್ಲೇ ಕೇಳಿ, ಉತ್ತರ ಕೊಡುತ್ತೇನೆ.