ಹಳೆಯ ಮಾರಿಯೋ ವಿಡಿಯೊ ಗೇಮ್‌ಗಳಲ್ಲಿ ಮೇಲು ಯಾವುದು: ಮೂರನೆಯದೋ (ಸೂಪರ್ ಮಾರಿಯೋ ಬ್ರದರ್ಸ್ 3), ವರ್ಲ್ಡೋ (ಸೂಪರ್ ಮಾರಿಯೋ ವರ್ಲ್ಡ್)?

ನನ್ನ ಓಟು ಮೂರನೆಯದಕ್ಕೆ. ಆದರೆ ನಮ್ಮ ವಿಜಯಪುರ ಕಡೆ ಕೇಳಿ ನೋಡಿ, ಹೆಚ್ಚಿನವರು 1985ರ ಮೊದಲನೆಯದನ್ನೇ ಹೇಳುತ್ತಾರೆ. ಅದಕ್ಕೆ ಕಾರಣ ಅಭಿಮಾನವಷ್ಟೇ ಅಲ್ಲ. ಆ ಆಟದ ಗಾತ್ರ ಬರೀ 40 ಕೆಬಿ. ನೂರು ಆಟ ತುಂಬಿದ ಅಗ್ಗದ ಕ್ಯಾಸೆಟ್‌ನಲ್ಲಿ ಅದು ಆರಾಮಾಗಿ ಕೂರುತ್ತಿತ್ತು. 1988ರ ಮೂರನೆಯದು 384 ಕೆಬಿ, ಜೊತೆಗೆ ಕ್ಯಾಸೆಟ್‌ನೊಳಗೆ ಬೇರೆ ಎಲೆಕ್ಟ್ರಾನಿಕ್ ಚಿಪ್ ಕೂಡ ಬೇಕು.

ಮೊದಲನೆಯದರಲ್ಲಿ ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ, ಬಿಟ್ಟುಬಂದ ನಾಣ್ಯ ಬಿಟ್ಟಂತೆಯೇ. ಮೂರನೆಯದರಲ್ಲಿ ಹಿಂದಕ್ಕೂ ಹೋಗಬಹುದು, ಮೇಲಕ್ಕೂ ಹಾರಬಹುದು. ಮೊದಲ ಹಂತದಲ್ಲೇ ಎಲೆ ಸಿಕ್ಕು ಮಾರಿಯೋಗೆ ಹಾರಲು ನೆರವಾಗುವ ಬಾಲ ಬರುತ್ತದೆ. ಬಿ ಗುಂಡಿ ಒತ್ತಿ ಹಿಡಿದು ಓಡಿದರೆ ಪರದೆಯ ಕೆಳಗಿನ ಬಾಣದ ಗುರುತುಗಳು ಒಂದೊಂದಾಗಿ ಹೊತ್ತಿಕೊಂಡು, ಕೊನೆಗೆ ‘ಪಿ’ ಮಿನುಗುತ್ತದೆ. ಆಗ ಜಿಗಿದು ಎ ಒತ್ತುತ್ತಲೇ ಇದ್ದರೆ ಮಾರಿಯೋ ಮೋಡದತ್ತ ಹೋಗುತ್ತಾನೆ, ಅಲ್ಲಿ ನಾಣ್ಯಗಳ ಸಾಲು. ಒಂದಕ್ಷರ ವಿವರಣೆಯಿಲ್ಲದೆ ಹಾರೋದು ಕಲಿಸಿಬಿಡುತ್ತದೆ!

1990ರ ವರ್ಲ್ಡ್‌ನಲ್ಲಿ ಮಾರಿಯೋ ಸವಾರಿ ಮಾಡುವ ಡೈನೋಸಾರ್ ಯೋಶಿ ಇದ್ದಾನೆ, ಗುಟ್ಟಿನ ದಾರಿಗಳು ಬೇಕಾದಷ್ಟಿವೆ, ಮುಖ್ಯವಾಗಿ ಆಟ ಸೇವ್ ಆಗುತ್ತದೆ. ಮೂಲ ಮೂರನೆಯದರಲ್ಲಿ ಆ ಸೌಲಭ್ಯವಿಲ್ಲ. ಏಳನೇ ಲೋಕದಲ್ಲಿ ಕರೆಂಟ್ ಹೋದರೆ ಮುಗೀತು ಕಥೆ. ಬೇಸಿಗೆ ರಜೆಯಲ್ಲಿ ಇಲ್ಲಿ ಬೆಳೆದವರಿಗೆ ಈ ಸಂಕಟ ಗೊತ್ತು. ಆದರೂ ವರ್ಲ್ಡ್‌ನ ಕೇಪ್ (ಹಾರಲು ಬೆನ್ನಿಗೆ ಕಟ್ಟುವ ಹೊದಿಕೆ) ಕೈಗೆ ಹತ್ತಿತೆಂದರೆ ಅರ್ಧ ಹಂತಗಳ ಮೇಲೇ ಹಾರಿಹೋಗಬಹುದು, ಸವಾಲು ಉಳಿಯುವುದಿಲ್ಲ.

ಎರಡನೆಯದನ್ನು ಈ ಜಗಳಕ್ಕೆ ಎಳೆಯಬೇಡಿ. ಅಮೆರಿಕಕ್ಕೆ ಹೋದದ್ದು ‘ಡೋಕಿ ಡೋಕಿ ಪ್ಯಾನಿಕ್’ ಎಂಬ ಬೇರೆ ಆಟಕ್ಕೆ ಮಾರಿಯೋ ವೇಷ ಹಾಕಿದ್ದು.