ಊರು ಅಂತ ಬರೆಸಿಕೊಂಡ ಮೇಲೆ ಬಂದ ನೀರು

ಹೋದ ಸಲ ಈ ಅಂಕಣದಲ್ಲಿ ಅಮೆರಿಕದ ಕಪ್ಪು ಮೇಯರ್‌ಗಳ ಸಂಘದ ಬಗ್ಗೆ, ಊರಿನ ಕೆಲಸಕ್ಕೆ ಸರ್ಕಾರ, ಕಂಪನಿ, ದತ್ತಿ ಸಂಸ್ಥೆಗಳನ್ನು ಜೊತೆಗೂಡಿಸುವ ಪಾಲುದಾರಿಕೆಯ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಯರ್‌ಗಳು ಸಂಘ ಕಟ್ಟಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಬಣ್ಣ ನೋಡಿ ಬೇರೆ ಸಂಘ ಯಾಕೆ? ಇದು ನಮ್ಮ ಜಾತಿ ಸಂಘಗಳ ಹಾಗೇ ಆಗಲಿಲ್ವಾ? (ದಾವಣಗೆರೆಯ ಓದುಗರು)

ಈ ಅನುಮಾನ ನನಗೂ ಮೊದಲು ಬಂದಿತ್ತು. ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿದರೆ ಉತ್ತರ ಸಿಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನ ಮತ ಹಾಕಲು ಹೋದರೆ ಓದು ಬರಹದ ಪರೀಕ್ಷೆ, ಮತ ಹಾಕಲಿಕ್ಕೂ ಒಂದು ತೆರಿಗೆ, ಅದನ್ನೂ ದಾಟಿದರೆ ಬೆದರಿಕೆ. 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದ ಮೇಲೆ ಬಾಗಿಲು ನಿಜವಾಗಿ ತೆರೆಯಿತು. 1967ರಲ್ಲಿ ಉತ್ತರದ ನಗರಗಳಾದ ಕ್ಲೀವ್‌ಲ್ಯಾಂಡಿನಲ್ಲಿ ಕಾರ್ಲ್ ಸ್ಟೋಕ್ಸ್, ಗ್ಯಾರಿಯಲ್ಲಿ ರಿಚರ್ಡ್ ಹ್ಯಾಚರ್ ಮೇಯರ್ ಆಗಿ ಗೆದ್ದರು. 1969ರಲ್ಲಿ ಮಿಸಿಸಿಪ್ಪಿಯ ಫೇಯೆಟ್ ಎಂಬ ಪುಟ್ಟ ಊರಿನಲ್ಲಿ ಚಾರ್ಲ್ಸ್ ಎವರ್ಸ್ ಗೆದ್ದರು. ಅವರ ತಮ್ಮ ಮೆಡ್ಗರ್ ಎವರ್ಸ್ ಇದೇ ಹಕ್ಕಿಗಾಗಿ ಹೋರಾಡಿ 1963ರಲ್ಲಿ ತಮ್ಮ ಮನೆಯ ಮುಂದೆಯೇ ಗುಂಡೇಟಿಗೆ ಬಲಿಯಾಗಿದ್ದವರು.

ಕುರ್ಚಿಯೇನೋ ಸಿಕ್ಕಿತು. ಆದರೆ ಖಜಾನೆ ಖಾಲಿ. ಅಲ್ಲಿ ಊರಿನ ಖರ್ಚಿನ ದೊಡ್ಡ ಪಾಲು ಮನೆ, ಜಮೀನು, ಅಂಗಡಿಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಆ ವರ್ಷಗಳಲ್ಲಿ ಅನುಕೂಲಸ್ಥ ಬಿಳಿ ಕುಟುಂಬಗಳು ನಗರ ಬಿಟ್ಟು ಹೊರವಲಯಕ್ಕೆ ಹೋಗುತ್ತಿದ್ದವು, ಅವರ ಹಿಂದೆ ಅಂಗಡಿ ಹೋಯಿತು, ಅಂಗಡಿಯ ಹಿಂದೆ ತೆರಿಗೆ ಹೋಯಿತು. ಕಪ್ಪು ಮೇಯರ್‌ಗಳ ಕೈಗೆ ಬಂದದ್ದು ಬಹಳ ಕಡೆ ಇಂಥ ಊರುಗಳೇ.

ಮೇಯರ್‌ಗಳಿಗೆ ಸಾಮಾನ್ಯ ಸಂಘ ಇರಲಿಲ್ಲ ಅಂತಲ್ಲ. 1932ರಿಂದಲೇ ಒಂದು ಇದೆ. ಆದರೆ ಅದು ಮೂವತ್ತು ಸಾವಿರಕ್ಕಿಂತ ಜಾಸ್ತಿ ಜನ ಇರುವ ನಗರಗಳ ಕೂಟ. ದಕ್ಷಿಣದಲ್ಲಿ ಗೆದ್ದ ಕಪ್ಪು ಮೇಯರ್‌ಗಳಲ್ಲಿ ಎಷ್ಟೋ ಜನರ ಊರಿನಲ್ಲಿ ಮೂರು ಸಾವಿರ ಜನವೂ ಇರಲಿಲ್ಲ. ಹಾಗಾಗಿ 1974ರಲ್ಲಿ ಅವರು ತಾವೇ ಕೂಡಿಕೊಂಡರು. ಮೊದಲು ಹೆಸರಿನಲ್ಲಿ ದಕ್ಷಿಣ ಅಂತ ಇತ್ತು, ಆಮೇಲೆ ಅದು ಕಪ್ಪು ಮೇಯರ್‌ಗಳ ರಾಷ್ಟ್ರೀಯ ಸಮ್ಮೇಳನ ಆಯಿತು, ಕಚೇರಿ ಅಟ್ಲಾಂಟಾದಲ್ಲಿ. ವಾಷಿಂಗ್ಟನ್ನಿನಲ್ಲಿ ಯಾವ ಇಲಾಖೆಯ ಯಾವ ಬಾಗಿಲು ತಟ್ಟಬೇಕು, ಯಾವ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕು? ಹೊಸಬರಿಗೆ ಇದನ್ನೆಲ್ಲ ಹೇಳಿಕೊಡುವವರು ಬೇಕಿತ್ತು. ತಲೆಮಾರುಗಳಿಂದ ಆಳಿದವರಿಗೆ ಇದು ಮನೆಯಲ್ಲೇ ಗೊತ್ತಿರುತ್ತದೆ, ಮೊದಲ ಸಲ ಬಂದವರಿಗೆ ಯಾರು ಹೇಳುತ್ತಾರೆ?

ಪ್ರಶ್ನೆ: ಪಾಲುದಾರಿಕೆ ಕಾರ್ಯಕ್ರಮ ಅಂತ ಎಲ್ಲ ಕಡೆ ಕೇಳುತ್ತೇವೆ. ಫೋಟೋ, ಹಾರ, ಬ್ಯಾನರ್ ಬಿಟ್ಟು ಊರಿಗೆ ಏನು ಸಿಕ್ಕಿತು? ಒಂದೇ ಒಂದು ಊರಿನ ಕಥೆ ಹೇಳಿ ಸಾಕು. (ಚಿಕ್ಕೋಡಿಯಿಂದ, ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯರು)

ಮೇಯರ್ಸ್‌ವಿಲ್ ಕಥೆ ಹೇಳುತ್ತೇನೆ. ನನಗೆ ತುಂಬಾ ಇಷ್ಟದ ಕಥೆ, ಉದ್ದ ಆದರೆ ಕ್ಷಮಿಸಿ.

ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಸುಮಾರು ಐನೂರು ಜನರ ಊರು. ಅಲ್ಲಿಗೆ ಯುನಿಟಾ ಬ್ಲ್ಯಾಕ್‌ವೆಲ್ ಎಂಬ ಹೆಣ್ಣುಮಗಳು ಸೇರಿಕೊಂಡರು. 1933ರಲ್ಲಿ ಹುಟ್ಟಿದವರು, ಕೋರು ಬೇಸಾಯದ ಕುಟುಂಬ, ಹತ್ತಿ ಬಿಡಿಸುವ ಕೆಲಸ. ತಮ್ಮ ಕಡೆ ಕಪ್ಪು ಮಕ್ಕಳಿಗೆ ಸರಿಯಾದ ಶಾಲೆ ಇಲ್ಲ ಅಂತ ನದಿಯಾಚೆ ಅರ್ಕನ್ಸಾಸ್‌ನಲ್ಲಿ ಎಂಟನೇ ತರಗತಿವರೆಗೆ ಓದಿದರು. 1964ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದ ಮೇಲೆ ಕೂಲಿ ಕೆಲಸವೂ ಹೋಯಿತು. ಆಮೇಲೆ ಇಳಿದದ್ದು ಚಳವಳಿಗೆ.

ಆ ಊರಿನಲ್ಲಿ ಕೊಳಾಯಿ ನೀರು, ಒಳಚರಂಡಿ, ಡಾಂಬರು ಇದ್ಯಾವುದೂ ಸರಿಯಾಗಿ ಇರಲಿಲ್ಲ. ಸರ್ಕಾರದಲ್ಲಿ ಇದಕ್ಕೆಲ್ಲ ಅನುದಾನ ಇತ್ತು. ಆದರೆ ಅರ್ಜಿ ಹಾಕಬೇಕಾದರೆ ಮೊದಲು ಅದು ಕಾಗದದ ಮೇಲೆ ಒಂದು ಪಟ್ಟಣ ಆಗಿರಬೇಕು! ಮೇಯರ್ಸ್‌ವಿಲ್ ಕಾನೂನಿನ ಲೆಕ್ಕದಲ್ಲಿ ಪಟ್ಟಣವೇ ಆಗಿರಲಿಲ್ಲ. ಅಂದರೆ ಜನ ಇದ್ದರು, ಮನೆ ಇದ್ದವು, ಊರು ಮಾತ್ರ ಇರಲಿಲ್ಲ. ಬ್ಲ್ಯಾಕ್‌ವೆಲ್ ಓಡಾಡಿ, ಸಭೆ ಮಾಡಿ, ಊರಿನ ಗಡಿ ಗುರುತಿಸಿ 1976ರಲ್ಲಿ ಅದನ್ನು ಪಟ್ಟಣ ಅಂತ ನೋಂದಾಯಿಸಿದರು. ಅದರ ಮೇಯರೂ ಆದರು. ಮಿಸಿಸಿಪ್ಪಿ ರಾಜ್ಯದ ಮೊದಲ ಕಪ್ಪು ಮಹಿಳಾ ಮೇಯರ್ ಅವರೇ.

ಆಮೇಲೆ ಒಂದೊಂದಾಗಿ ಬಂದವು: ನೀರು, ಚರಂಡಿ, ರಸ್ತೆ, ಬೆಂಕಿ ಆರಿಸುವ ಗಾಡಿ, ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ ಮನೆ. ಮನೆಯ ವಿಷಯದಲ್ಲಿ ಅವರಿಗೆ ಮೊದಲೇ ಅನುಭವ ಇತ್ತು. ಕಪ್ಪು ಮಹಿಳೆಯರ ಒಂದು ರಾಷ್ಟ್ರೀಯ ಸಂಘಟನೆಯ ಜೊತೆ ಸೇರಿ, ಬಡವರು ತಾವೇ ದುಡಿದು ಮನೆಯ ಒಡೆಯರಾಗುವ ಯೋಜನೆಗಾಗಿ ರಾಜ್ಯ ರಾಜ್ಯ ಸುತ್ತಿದ್ದರು. ಮೇಯರ್ ಆಗಿದ್ದಾಗಲೇ ಗ್ರಾಮೀಣ ನಾಯಕರಿಗೆ ಕೊಡುವ ವಿದ್ಯಾರ್ಥಿವೇತನ ಪಡೆದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾದೇಶಿಕ ಯೋಜನೆ ಓದಿದರು. 1983ರಲ್ಲಿ ಸ್ನಾತಕೋತ್ತರ ಪದವಿ ಬಂತು. ಎಂಟನೇ ತರಗತಿಗೆ ಶಾಲೆ ನಿಂತಿದ್ದ ಹೆಣ್ಣುಮಗಳು, ಐವತ್ತನೇ ವಯಸ್ಸಿನಲ್ಲಿ! 1990ರಲ್ಲಿ ಅವರನ್ನೇ ಕಪ್ಪು ಮೇಯರ್‌ಗಳ ರಾಷ್ಟ್ರೀಯ ಸಂಘದ ಅಧ್ಯಕ್ಷರನ್ನಾಗಿ ಆರಿಸಿದರು. ದೊಡ್ಡ ದೊಡ್ಡ ನಗರದ ಮೇಯರ್‌ಗಳೂ ಇದ್ದ ಸಂಘಕ್ಕೆ ಐನೂರು ಜನರ ಊರಿನ ಅಧ್ಯಕ್ಷೆ. ಇದನ್ನು ಓದಿದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತ್ತು.

ನೀವು ಪಂಚಾಯಿತಿಯಲ್ಲಿ ಇದ್ದವರು, ನಿಮಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಸಣ್ಣ ಪಂಚಾಯಿತಿಗೂ ಒಬ್ಬರು ಪಿಡಿಒ ಇರುತ್ತಾರೆ, ಲೆಕ್ಕ ಪತ್ರ ನೋಡುವವರು ಇರುತ್ತಾರೆ. ಅಲ್ಲಿನ ಎಷ್ಟೋ ಪುಟ್ಟ ಊರುಗಳಲ್ಲಿ ಮೇಯರ್ ಬೇರೆ ಕೆಲಸ ಮಾಡಿಕೊಂಡು ಸಂಜೆ ಊರಿನ ಕೆಲಸ ನೋಡುತ್ತಾರೆ. ಸ್ವಂತ ಎಂಜಿನಿಯರ್ ಇಲ್ಲ. ಅರ್ಜಿ ಬರೆಯುವವರಿಲ್ಲ. ಅನುದಾನದ ಜೊತೆ ಊರಿನ ಪಾಲಿನ ಹಣ ಹಾಕಿ ಅಂದರೆ ಆ ಹಣವೂ ಇಲ್ಲ. ಪಾಲುದಾರಿಕೆ ಬೇಕಾಗುವುದು ಇಲ್ಲಿ. ವಿಶ್ವವಿದ್ಯಾಲಯದಿಂದ ಒಬ್ಬರು ಬಂದು ನಕ್ಷೆ ಹಾಕಿಕೊಟ್ಟರೆ, ದತ್ತಿ ಸಂಸ್ಥೆಯೊಂದು ಊರಿನ ಪಾಲನ್ನು ತುಂಬಿದರೆ, ಹಿಂದೆ ಇದೇ ಅರ್ಜಿ ಹಾಕಿ ಗೆದ್ದ ಪಕ್ಕದ ರಾಜ್ಯದ ಮೇಯರ್ ತಮ್ಮ ಕಡತದ ಪ್ರತಿ ಕಳಿಸಿದರೆ ಊರಿಗೆ ನೀರು ಬರುತ್ತದೆ.

ಒಂದೇ ಊರು ಸಾಕು ಅಂದಿರಿ, ಆದರೆ ಅದೇ ರಾಜ್ಯದ ಮೌಂಡ್ ಬಾಯೂ ಬಿಡಲು ಮನಸ್ಸಾಗುತ್ತಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರು 1887ರಲ್ಲಿ ತಾವೇ ಕಟ್ಟಿಕೊಂಡ ಊರು ಅದು. 1967ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯರು ಕೇಂದ್ರ ಸರ್ಕಾರದ ಹಣದಲ್ಲಿ ಅಲ್ಲಿ ಆರೋಗ್ಯ ಕೇಂದ್ರ ತೆರೆದರು. ಬಂದ ಮಕ್ಕಳ ಕಾಯಿಲೆ ನೋಡಿದರೆ ಮೂಲ ಹಸಿವು. ವೈದ್ಯರು ಚೀಟಿಯಲ್ಲಿ ಊಟದ ಸಾಮಾನು ಬರೆದುಕೊಟ್ಟರು, ಜನ ಅದನ್ನು ಕಿರಾಣಿ ಅಂಗಡಿಯಲ್ಲಿ ತೋರಿಸಿ ಪಡೆದರು, ಬಿಲ್ಲು ಔಷಧಿಯ ಲೆಕ್ಕಕ್ಕೆ ಹೋಯಿತು. ವಾಷಿಂಗ್ಟನ್ನಿನ ಅಧಿಕಾರಿಗಳು ಆಕ್ಷೇಪಿಸಿದಾಗ, ಹಸಿವಿನ ಕಾಯಿಲೆಗೆ ಔಷಧಿ ಅಂದರೆ ಊಟವೇ ಅಂತ ವೈದ್ಯರು ಉತ್ತರಿಸಿದರು. ಆಮೇಲೆ ಊರವರೇ ಸೇರಿ ಸಹಕಾರಿ ಹೊಲ ಮಾಡಿ ತರಕಾರಿ ಬೆಳೆದರು. ಇದು ಮೇಯರ್‌ಗಳ ಸಂಘದ ಕೆಲಸ ಅಲ್ಲ, ಆ ಸಂಘ ಹುಟ್ಟುವ ಮೊದಲಿನ ಮಾತು. ಆದರೆ ಪಾಲುದಾರಿಕೆ ಅಂದರೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಚೀಟಿ.

ಪ್ರಶ್ನೆ: ನಮ್ಮ ಮಗ ಅಟ್ಲಾಂಟಾದಲ್ಲಿದ್ದಾನೆ. ಅಲ್ಲಿಯ ವಿಮಾನ ನಿಲ್ದಾಣಕ್ಕೆ ಜಾಕ್ಸನ್ ಎಂಬ ಮೇಯರ್ ಹೆಸರಿದೆಯಂತೆ. ಯಾರವರು? (ಮೈಸೂರಿನ ಓದುಗರು)

ಮೇನಾರ್ಡ್ ಜಾಕ್ಸನ್. 1973ರಲ್ಲಿ ಗೆದ್ದಾಗ ಅವರಿಗೆ ಮೂವತ್ತೈದು ವರ್ಷ, ದಕ್ಷಿಣದ ದೊಡ್ಡ ನಗರವೊಂದರ ಮೊದಲ ಕಪ್ಪು ಮೇಯರ್. ಆಗ ಅಟ್ಲಾಂಟಾದ ಜನರಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪು ಜನ, ಆದರೆ ನಗರದ ಗುತ್ತಿಗೆಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಶೇಕಡಾ ಒಂದಕ್ಕಿಂತಲೂ ಕಡಿಮೆ. ವಿಮಾನ ನಿಲ್ದಾಣದ ದೊಡ್ಡ ಕೆಲಸ ಶುರುವಾಗುವಾಗ ಅವರು ಒಂದು ಪಟ್ಟು ಹಿಡಿದರು. ದೊಡ್ಡ ಕಂಪನಿಗಳು ಕಪ್ಪು ಮಾಲೀಕರ ಸಣ್ಣ ಕಂಪನಿಗಳನ್ನು ಪಾಲುದಾರರಾಗಿ ಸೇರಿಸಿಕೊಳ್ಳಬೇಕು, ಸುಮಾರು ಕಾಲು ಭಾಗ ಕೆಲಸ ಅವರಿಗೆ ಹೋಗಬೇಕು. ವ್ಯಾಪಾರಿ ವಲಯ ಸಿಟ್ಟಾಯಿತು. ಹೀಗಾದರೆ ಕೆಲಸ ತಡವಾಗುತ್ತದೆ, ಖರ್ಚು ಏರುತ್ತದೆ ಅಂತ ಕೂಗೆದ್ದಿತು. ಅವರು ಜಗ್ಗಲಿಲ್ಲ. ಹೊಸ ಟರ್ಮಿನಲ್ 1980ರ ಸೆಪ್ಟೆಂಬರ್‌ನಲ್ಲಿ ಹೇಳಿದ ಸಮಯಕ್ಕೆ, ಹೇಳಿದ ಹಣದೊಳಗೆ ತೆರೆಯಿತು. ಆಮೇಲೆ ಬೇರೆ ನಗರಗಳ ಮೇಯರ್‌ಗಳೂ ಇದೇ ದಾರಿ ಹಿಡಿದರು.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. 1977ರಲ್ಲಿ ಅದೇ ಅಟ್ಲಾಂಟಾದಲ್ಲಿ ಕಸ ಎತ್ತುವ ಕಾರ್ಮಿಕರು ಸಂಬಳ ಸಾಲದು ಅಂತ ಮುಷ್ಕರ ಹೂಡಿದರು. ಬಹುಪಾಲು ಕಪ್ಪು ಕಾರ್ಮಿಕರೇ. ಜಾಕ್ಸನ್ ನೂರಾರು ಜನರನ್ನು ಕೆಲಸದಿಂದ ತೆಗೆದರು. ಗುತ್ತಿಗೆದಾರರಿಗೆ ಬಾಗಿಲು ತೆರೆದ ಅದೇ ಕೈ, ಕಸ ಎತ್ತುವವನ ಮುಂದೆ ಬಾಗಿಲು ಹಾಕಿತು. ನನಗೆ ಅವರ ಮೇಲೆ ತುಂಬಾ ಗೌರವ ಇದೆ, ಆದರೂ ಇದನ್ನು ಮರೆಯಲು ಆಗುವುದಿಲ್ಲ. ಯಾವ ಪಾಲುದಾರಿಕೆಯ ಬಗ್ಗೆ ಓದಿದರೂ, ಇದರ ಲಾಭ ಕೊನೆಗೆ ಬೀದಿಯ ಯಾವ ಮನೆವರೆಗೆ ಹೋಯಿತು ಅಂತ ನಾನು ಹುಡುಕುತ್ತೇನೆ.

ಪ್ರಶ್ನೆ: ಈ ಸಂಘ ಈಗಲೂ ಇದೆಯಾ? ಕಂಪನಿಗಳ ಹಣ ತೆಗೆದುಕೊಂಡರೆ ಅವರ ಮಾತು ಕೇಳಬೇಕಾಗುತ್ತೆ ಅಲ್ವಾ? (ಬೆಂಗಳೂರಿನ ವಿದ್ಯಾರ್ಥಿನಿ)

ಹಳೆಯ ಸಂಘ ಹಣಕಾಸಿನ ಜಗಳದಲ್ಲಿ ಮುಳುಗಿತು. ವಿಷಯ ಕೋರ್ಟಿಗೆ ಹೋಗಿ, ದಿವಾಳಿಯವರೆಗೂ ಬಂತು. 2014ರಲ್ಲಿ ಆಫ್ರಿಕನ್ ಅಮೆರಿಕನ್ ಮೇಯರ್‌ಗಳ ಸಂಘ ಅಂತ ಹೊಸದು ಹುಟ್ಟಿತು. ಅದರ ಮೊದಲ ಅಧ್ಯಕ್ಷ ಆಗ ಸ್ಯಾಕ್ರಮೆಂಟೋದ ಮೇಯರ್ ಆಗಿದ್ದ ಕೆವಿನ್ ಜಾನ್ಸನ್, ಹಿಂದೆ ಬಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿದವರು. ಐನೂರಕ್ಕೂ ಹೆಚ್ಚು ಮೇಯರ್‌ಗಳ ದನಿ ತಾನು ಅಂತ ಸಂಘ ಹೇಳಿಕೊಳ್ಳುತ್ತದೆ. ತರಬೇತಿ ಕೊಡುತ್ತದೆ, ಕೇಂದ್ರ ಸರ್ಕಾರದ ಜೊತೆ ಮಾತಾಡುತ್ತದೆ, ಕಂಪನಿಗಳನ್ನೂ ದತ್ತಿ ಸಂಸ್ಥೆಗಳನ್ನೂ ಮೇಯರ್‌ಗಳ ಎದುರು ಕೂರಿಸುತ್ತದೆ.

ನಿಮ್ಮ ಅನುಮಾನ ಸರಿ. ಕಂಪನಿ ಸುಮ್ನೆ ಬರುವುದಿಲ್ಲ, ಮಾರಲು ಏನೋ ಇರುತ್ತದೆ. ಮೂರು ವರ್ಷ ಪುಕ್ಕಟೆ ಕೊಟ್ಟ ಯಂತ್ರಕ್ಕೆ ನಾಲ್ಕನೇ ವರ್ಷ ದುರಸ್ತಿ ಖರ್ಚು ಯಾರದ್ದು ಅಂತ ಒಪ್ಪಂದದಲ್ಲಿ ಬರೆಸದಿದ್ದರೆ ಸಣ್ಣ ಊರು ಸಿಕ್ಕಿಹಾಕಿಕೊಳ್ಳುತ್ತದೆ. ಆ ಸಾಲನ್ನು ಓದಿ ಹೇಳುವ ಒಬ್ಬ ವಕೀಲರನ್ನು ಸಂಘ ಒದಗಿಸಿದರೆ ಅದೇ ದೊಡ್ಡ ಉಪಕಾರ.

ಮತ್ತೆ, ಸಂಘದ ಕೈಯಲ್ಲಿ ಆಗದ್ದೂ ಇದೆ. ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್ ನಗರದಲ್ಲಿ 2022ರ ಆಗಸ್ಟ್ ಕೊನೆಯಲ್ಲಿ ನೀರಿನ ಘಟಕ ಕೈಕೊಟ್ಟು ಸುಮಾರು ಒಂದೂವರೆ ಲಕ್ಷ ಜನಕ್ಕೆ ನೀರಿಲ್ಲದ ಹಾಗಾಯಿತು. ಬಾಟಲಿ ನೀರಿಗೆ ಕಾರುಗಳು ಸಾಲುಗಟ್ಟಿ ನಿಂತವು. ಕಪ್ಪು ಜನರೇ ಜಾಸ್ತಿ ಇರುವ, ದಶಕಗಳಿಂದ ತೆರಿಗೆ ಕರಗುತ್ತಾ ಬಂದ ನಗರ, ಹಳೇ ಕೊಳವೆಗಳು. ದತ್ತಿ ಹಣದಿಂದ ಬಾಟಲಿ ಕೊಡಬಹುದು, ನೆಲದಡಿಯ ಕೊಳವೆ ಬದಲಿಸಲು ಆಗುವುದಿಲ್ಲ. ಅದಕ್ಕೆ ಅದೇ ವರ್ಷದ ಕೊನೆಯಲ್ಲಿ ಸಂಸತ್ತು 60 ಕೋಟಿ ಡಾಲರ್ ಕೊಡಬೇಕಾಯಿತು.