ಡಾಲಸ್‌ನ ಸರಾಸರಿಯೂ ನಿಮ್ಮ ಮಗಳ ಗಣಿತವೂ

ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಅಮೆರಿಕದ ಟೆಕ್ಸಸ್ ರಾಜ್ಯದ ಡಾಲಸ್‌ಗೆ ಬರುತ್ತಿದ್ದೀರಿ, ಮಗಳು ಆರನೇ ತರಗತಿಗೆ ಸೇರಬೇಕು. "ನಗರದ ಸರ್ಕಾರಿ ಶಾಲೆಗಳಲ್ಲಿ ಗಣಿತ ಕಳಪೆಯಂತೆ, ಬಾಡಿಗೆ ದುಬಾರಿಯಾದರೂ ಫ್ರಿಸ್ಕೊ, ಪ್ಲೇನೊದಂಥ ಹೊರವಲಯದ ಊರುಗಳ ಕಡೆಗೇ ಹೋಗಬೇಕಂತೆ, ನಿಜವೇ?" ಎಂದು ಕೇಳಿದ್ದೀರಿ. ಅರ್ಧ ನಿಜ. ಉಳಿದರ್ಧ ನಮ್ಮವರು ಊಟದ ಮನೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಬೆಳೆಸಿದ್ದು.

ಆ ಮಾತಿನ ಮೂಲ 'ನೇಪ್' ಎಂಬ ರಾಷ್ಟ್ರಮಟ್ಟದ ಪರೀಕ್ಷೆ. ನಾಲ್ಕನೇ ಮತ್ತು ಎಂಟನೇ ತರಗತಿಯ ಕೆಲವು ಮಕ್ಕಳನ್ನಷ್ಟೇ ಆರಿಸಿ ನಡೆಸುತ್ತಾರೆ. 2003ರಲ್ಲಿ 10 ದೊಡ್ಡ ನಗರಗಳ ಗಣಿತದ ಫಲಿತಾಂಶವನ್ನು ಬೇರೆಯಾಗಿ ಪ್ರಕಟಿಸಿದರು. 2024ರ ಹೊತ್ತಿಗೆ ಅಂಥವು 26 ಆದವು. ಟೆಕ್ಸಸ್‌ನ ಡಾಲಸ್, ಹ್ಯೂಸ್ಟನ್, ಆಸ್ಟಿನ್, ಫೋರ್ಟ್ ವರ್ತ್ ನಾಲ್ಕೂ ಆ ಪಟ್ಟಿಯಲ್ಲಿವೆ. ದೊಡ್ಡ ನಗರಗಳ ಸರಾಸರಿ ದೇಶದ ಸರಾಸರಿಗಿಂತ ಕೆಳಗೇ ಇರುತ್ತದೆ. ಡೆಟ್ರಾಯ್ಟ್, ಕ್ಲೀವ್‌ಲ್ಯಾಂಡ್ ತಳದಲ್ಲಿ, ಶಾರ್ಲೆಟ್, ಆಸ್ಟಿನ್ ಮೇಲೆ. ಕೋವಿಡ್ ನಂತರ ಎಲ್ಲೆಡೆ ಪೆಟ್ಟು ಬಿತ್ತು. 2019ಕ್ಕೂ 2022ಕ್ಕೂ ನಡುವೆ ಎಂಟನೇ ತರಗತಿಯ ಗಣಿತ ದೇಶದಾದ್ಯಂತ 8 ಅಂಕ ಇಳಿಯಿತು.

ಆದರೆ ಸರಾಸರಿ ಯಾರದು? ಡಾಲಸ್ ಶಾಲಾ ಜಿಲ್ಲೆಯಲ್ಲಿ (ಇಲ್ಲಿ ಜಿಲ್ಲೆ ಎಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಸುಮಾರು 1,40,000 ಮಕ್ಕಳಿದ್ದಾರೆ. ಹೆಚ್ಚಿನವರು ಬಡ ಮನೆಗಳವರು, ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡಿ ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿರುವವರೂ ಬಹಳ. ಅವರ ಅಂಕ ನೋಡಿ ಮೇಷ್ಟರು ಕಲಿಸುವುದಿಲ್ಲ ಎಂದುಕೊಳ್ಳುವುದು, ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚು, ಆದ್ದರಿಂದ ಡಾಕ್ಟರು ಸರಿಯಿಲ್ಲ ಎಂದಂತೆ. ದೇಶದ ಅತ್ಯುತ್ತಮ ಪ್ರೌಢಶಾಲೆಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಮುಂದೆ ಕಾಣಿಸಿಕೊಳ್ಳುವ ಟೌನ್‌ವ್ಯೂ ಆವರಣದ ಶಾಲೆಗಳು ಇದೇ ಜಿಲ್ಲೆಯವು. ಇನ್ನೊಂದು ವಿಷಯ. ವಿಳಾಸದಲ್ಲಿ ಡಾಲಸ್ ಎಂದಿದ್ದರೂ ನಗರದ ಉತ್ತರ ಭಾಗದ ಎಷ್ಟೋ ಮನೆಗಳು ಪ್ಲೇನೊ ಅಥವಾ ರಿಚರ್ಡ್‌ಸನ್ ಶಾಲಾ ಜಿಲ್ಲೆಗೆ ಸೇರುತ್ತವೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆ ಯಾವ ಜಿಲ್ಲೆಗೆ ಸೇರಿದೆ ಎಂದು ನೋಡಿಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಸರಾಸರಿಯನ್ನು ಬಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಮಗಳನ್ನು ಆರನೇ ತರಗತಿಯಲ್ಲಿ ಯಾವ ಗಣಿತಕ್ಕೆ ಹಾಕುತ್ತಾರೆ? ಇಲ್ಲಿ ಒಂದೇ ತರಗತಿಯ ಮಕ್ಕಳಿಗೆ ಸಾಮಾನ್ಯ ಗಣಿತ, ಮುಂದುವರಿದ ಗಣಿತ ಎಂದು ಎರಡು ದಾರಿ. ಎರಡನೆಯದರಲ್ಲಿ ಹೋದವರು ಎಂಟರಲ್ಲಿ ಬೀಜಗಣಿತ ಮುಗಿಸುತ್ತಾರೆ, ಹನ್ನೆರಡರಲ್ಲಿ ಕ್ಯಾಲ್ಕುಲಸ್ ಓದುತ್ತಾರೆ. ಮೊದಲನೆಯದರಲ್ಲಿ ಹೋದವರು ನಡುವೆ ಎಲ್ಲೋ ಓಡಿ ಹಿಡಿಯಬೇಕು. ಹಿಂದೆ ಮುಂದುವರಿದ ಗಣಿತಕ್ಕೆ ಸೇರಲು ಶಿಕ್ಷಕರ ಶಿಫಾರಸು, ತಂದೆತಾಯಿಯ ಒತ್ತಾಯ ಬೇಕಿತ್ತು. ಹೀಗಾಗಿ ಬುದ್ಧಿಯಿದ್ದೂ ಕೇಳುವವರಿಲ್ಲದ ಮಕ್ಕಳು ಹೊರಗುಳಿಯುತ್ತಿದ್ದರು. ಡಾಲಸ್ ಜಿಲ್ಲೆ 2019ರಲ್ಲಿ ಇದನ್ನು ತಿರುಗಿಸಿತು: ಅಂಕ ಬಂದವರು ತಾವಾಗಿಯೇ ಒಳಗೆ, ಬೇಡವೆಂದರೆ ಮಾತ್ರ ಹೊರಗೆ. 2023ರಲ್ಲಿ ಟೆಕ್ಸಸ್ ಅದನ್ನೇ ಕಾನೂನು ಮಾಡಿತು. ಐದನೇ ತರಗತಿಯಲ್ಲಿ ರಾಜ್ಯ ನಡೆಸುವ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ. 40ರೊಳಗಿನ ಮಕ್ಕಳಿಗೆ ಆರರಲ್ಲಿ ಮುಂದುವರಿದ ಗಣಿತ. ನಗರದ ಶಾಲೆಯೊಂದನ್ನು ಹೊಗಳಲು ನನಗೆ ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ.

ನಿಮ್ಮ ಮಗಳಿಗೆ ತೊಡಕು ಇಲ್ಲೇ. ಐದನೇ ತರಗತಿಯ ಆ ಪರೀಕ್ಷೆಯನ್ನು ಅವಳು ಬರೆದೇ ಇಲ್ಲ. ನಮ್ಮ ಮಗ 2015ರಲ್ಲಿ ಬಂದಾಗ ಮಕ್ಕಳನ್ನು ಯಾವ ತರಗತಿಗೆ ಹಾಕಬೇಕೆಂದು ನೋಡುವ ಶಾಲೆಯ ಕೌನ್ಸೆಲರ್ ಕಂಪ್ಯೂಟರ್ ನೋಡಿ, ಹಳೆಯ ಅಂಕಗಳು ಏನೂ ಇಲ್ಲವೆಂದು ಸಾಮಾನ್ಯ ಗಣಿತಕ್ಕೆ ಬರೆದುಬಿಟ್ಟರು. ಹದಿನಾರರ ಮಗ್ಗಿ ಒಪ್ಪಿಸುತ್ತಿದ್ದ ಹುಡುಗ ಮೂರು ವಾರ ಏಳರ ಮಗ್ಗಿಯನ್ನು ಚೌಕಗಳಲ್ಲಿ ಬಿಡಿಸುತ್ತ ಕುಳಿತ. ನಾನು ಎರಡು ಸಲ ಹೋಗಿ ವಿನಂತಿಸಿದ ಮೇಲೆ ಒಂದು ಪರೀಕ್ಷೆ ಕೊಟ್ಟರು. ಅದರಲ್ಲಿ ಅವನು ತಪ್ಪಿದ್ದು ಗಣಿತವನ್ನಲ್ಲ, ಅಲ್ಪವಿರಾಮವನ್ನು: 12,34,567 ಎಂದು ಬರೆದಿದ್ದ. ಶಿಕ್ಷಕಿ ಅದರ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಭಾಗಾಕಾರದಲ್ಲಿ ಭಾಗಲಬ್ಧವನ್ನು ನಮ್ಮಂತೆ ಬಲಗಡೆ ಬರೆದದ್ದೂ ಅವರಿಗೆ ಅರ್ಥವಾಗಿರಲಿಲ್ಲ, ಇಲ್ಲಿ ಅದನ್ನು ಮೇಲೆ ಬರೆಯುತ್ತಾರೆ. ಅವನ ಮುಂದೆಯೇ ಎರಡೂ ರೀತಿಯಲ್ಲಿ ಮಾಡಿಸಿ ನೋಡಿ, ನಕ್ಕು, ಮರುವಾರವೇ ದಾರಿ ಬದಲಿಸಿದರು.

ಹೊರಡುವ ಮೊದಲು ಮಗಳ ನಾಲ್ಕು ಮತ್ತು ಐದನೇ ತರಗತಿಯ ಅಂಕಪಟ್ಟಿಗೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿಕೊಳ್ಳಿ. ಗಣಿತದ ಪಠ್ಯಪುಸ್ತಕವನ್ನೂ ಕೈಚೀಲದಲ್ಲಿ ಇಡಿ. ಕನ್ನಡ ಮಾಧ್ಯಮದ್ದಾದರೂ ಚಿಂತೆಯಿಲ್ಲ, ಭಿನ್ನರಾಶಿಗೆ ಭಾಷೆ ಬೇಕಿಲ್ಲ. ಕೌನ್ಸೆಲರ್ ಬಳಿ ಹೋದಾಗ "ಮುಂದುವರಿದ ಗಣಿತದ ಅರ್ಹತಾ ಪರೀಕ್ಷೆ ಕೊಡಿ" ಎಂದು ಮೊದಲ ದಿನವೇ ಕೇಳಿ. ಅಂಗುಲದ ಎಂಟರಲ್ಲಿ ಮೂರು ಭಾಗ (3/8) ಎಂದರೆ ಎಷ್ಟು ಎಂಬುದನ್ನು ಅಳತೆಪಟ್ಟಿಯಲ್ಲಿ ತೋರಿಸಿ ಕೊಡಿ, ಇಲ್ಲಿ ಸೆಂಟಿಮೀಟರ್ ಅಪರೂಪ. ಮತ್ತು ಜುಲೈ ಮುಗಿಯುವುದರೊಳಗೆ, ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುವುದನ್ನು ರೂಢಿ ಮಾಡಿಸಿ.